ರೊಟ್ಟಿ ಉಬ್ಬಬೇಕು: ಮಲಪ್ರಭೆಯ ದಂಡೆಯ ಒಲೆಗಳ ಚರಿತ್ರೆ

ಖಾನಾಪುರ ತಾಲ್ಲೂಕಿನ ಕಣಕುಂಬಿಯಲ್ಲಿ ಹುಟ್ಟುವ ಮಲಪ್ರಭೆ ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗದ ಸೀಮೆಗಳನ್ನು ಹಾದು ಕೂಡಲಸಂಗಮದ ದಾರಿ ಹಿಡಿಯುತ್ತದೆ. ಅದರ ಜೊತೆಗೇ ಪೂರ್ವಕ್ಕೆ ನಡೆದರೆ ಮಳೆ ಊರಿಂದ ಊರಿಗೆ ಕಡಿಮೆಯಾಗುತ್ತ ಹೋಗುತ್ತದೆ. ಮಳೆ ಇಳಿದಂತೆ ಒಲೆಯ ಬಾಯಿಗೆ ಇಡುವ ಉರುವಲೂ ಬೇರೆಯಾಗುತ್ತದೆ. ಕಿತ್ತೂರಿನ ಪಡುವಣ ಹಳ್ಳಿಗಳಿಗೆ ಮಲೆನಾಡಿನ ಸೆರಗು ತಾಗಿದೆ, ಅಲ್ಲಿ ಕಟ್ಟಿಗೆ ಸಿಗುತ್ತಿತ್ತು. ಬೈಲಹೊಂಗಲದ ಎರಿ ಹೊಲಗಳಲ್ಲಿ ಮರ ಕಡಿಮೆ, ಹತ್ತಿ ಬಹಳ. ಹತ್ತಿ ಬಿಡಿಸಿದ ಮೇಲೆ ಕಿತ್ತು ತಂದ ಹತ್ತಿಕಟಗಿಯೇ ಅಲ್ಲಿಯ ಬೆಂಕಿ. ಈಚೆಗೆ ಕಬ್ಬು ಬಂದ ಮೇಲೆ ಹತ್ತಿಕಟಗಿಯ ಜೊತೆ ಕಬ್ಬಿನ ಒಣ ಗರಿ, ಅಂದರೆ ರವದಿಯೂ ಸೇರಿತು. ಸವದತ್ತಿ ದಾಟಿ ರಾಮದುರ್ಗದ ಕಲ್ಲುಗುಡ್ಡಗಳ ನಡುವೆ ಬಂದರೆ ಜಾಲಿ ಮತ್ತು ಕುಳ್ಳು.

ಈ ನಾಡಿನ ಚರಿತ್ರೆಯಲ್ಲಿ ನಮಗೆ ತಾರೀಖು ಸಮೇತ ಗೊತ್ತಿರುವ ಸಂಗತಿಗಳು ಅನೇಕ. 1824ರ ಅಕ್ಟೋಬರ್ 23ರಂದು ಕಿತ್ತೂರಿನ ಕೋಟೆಯ ಮುಂದೆ ಬ್ರಿಟಿಷ್ ಅಧಿಕಾರಿ ಥ್ಯಾಕರೆ ಬಿದ್ದದ್ದು, ರಾಣಿ ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲಿ ತೀರಿಕೊಂಡದ್ದು, 1939ರಲ್ಲಿ ರಾಮದುರ್ಗ ಸಂಸ್ಥಾನದ ಪ್ರಜೆಗಳು ಸಿಡಿದೆದ್ದದ್ದು ಎಲ್ಲವೂ ಪುಸ್ತಕಗಳಲ್ಲಿವೆ. ಒಲೆ ಬದಲಾದ ಬಗೆಯನ್ನು ಯಾರೂ ಹಾಗೆ ಬರೆದಿಡಲಿಲ್ಲ. ಆದರೆ ಈ ನಾಲ್ಕು ತಾಲ್ಲೂಕಿನ ಹೆಣ್ಣುಮಕ್ಕಳ ಕಣ್ಣು, ಎದೆ, ಬೆನ್ನು ಮತ್ತು ಹೊತ್ತನ್ನು ಒಲೆಯಷ್ಟು ಆಳಿದ ದೊರೆ ಇನ್ನೊಬ್ಬನಿಲ್ಲ. ಅದಕ್ಕೇ ಈ ಚರಿತ್ರೆಯನ್ನು ಒಲೆಯ ಕಡೆಯಿಂದ ನೋಡಬೇಕೆಂದು ನನ್ನ ಹಟ.

ಕುಳ್ಳಿನ ಲೆಕ್ಕದಿಂದ ಆರಂಭಿಸೋಣ. ಸಗಣಿ ಒಂದೇ, ಅದನ್ನು ಬೇಡುವವರು ಇಬ್ಬರು. ತಿಪ್ಪೆಗೆ ಹಾಕಿದರೆ ಹೊಲಕ್ಕೆ ಗೊಬ್ಬರ, ತಟ್ಟಿ ಒಣಗಿಸಿದರೆ ಒಲೆಗೆ ಉರುವಲು. ಮಳೆಗಾಲದ ಸಗಣಿ ತಿಪ್ಪೆಗೆ, ಬಿಸಿಲುಗಾಲದ್ದು ಕುಳ್ಳಿಗೆ ಎಂದು ಹಂಚಿಕೊಂಡು ಬಾಳಿದ ಮನೆಗಳಿವು. ಸುಗ್ಗಿ ಮುಗಿದು ಬಿಸಿಲೇರಿದ ಮೇಲೆ ಕುಳ್ಳು ತಟ್ಟಿ, ಒಣಗಿಸಿ, ಮಿರಗದ ಮಳೆ ಬೀಳುವ ಮೊದಲು ಒಟ್ಟಿ, ಮೇಲೆ ಕಣಿಕಿ ಹೊಚ್ಚಿ ಸಗಣಿ ಬಳಿದು ಮುಗಿಸಬೇಕು. ಆ ಒಟ್ಟು ಸರಿಯಾಗಿ ನಿಂತರೆ ಮಳೆಗಾಲದ ನಾಲ್ಕು ತಿಂಗಳ ಅಡುಗೆ ನಡೆಯಿತು. ಒಳಗೆ ನೀರು ಇಳಿದರೆ ಶ್ರಾವಣದುದ್ದಕ್ಕೂ ಹೊಗೆಯೇ. ಬರ ಬಿದ್ದ ವರ್ಷಗಳಲ್ಲಿ ಮೇವಿಲ್ಲದೆ ದನ ಮಾರಿದವರು ಉರುವಲನ್ನೂ ಮಾರಿದಂತಾಗುತ್ತಿತ್ತು. 1972ರ ಬರವನ್ನು ಕಂಡವರು ಕಾಳಿನ ಕೊರತೆಯ ಜೊತೆ ಕುಳ್ಳಿನ ಕೊರತೆಯನ್ನೂ ನೆನೆಯುತ್ತಾರೆ. ಕಾಳನ್ನಾದರೂ ಸರ್ಕಾರ ಹಂಚಿತು, ಉರುವಲನ್ನು ಹಂಚುವವರು ಯಾರು?

ಆ ಒಲೆ ಇದ್ದ ಮನೆಯೂ ಹೊಗೆಗೆ ಅನುಕೂಲವಾಗಿರಲಿಲ್ಲ. ಮಣ್ಣಿನ ಮಾಳಿಗೆ, ದಪ್ಪ ಗೋಡೆ, ಕಿಟಕಿ ಅಪರೂಪ. ಒಳಮನೆಗೆ ಬೆಳಕೂ ಗಾಳಿಯೂ ಮಾಳಿಗೆಯ ಒಂದು ಬೆಳಕಿಂಡಿಯಿಂದ. ಮಳೆ ಬಂದರೆ ಅದನ್ನೂ ಮುಚ್ಚಬೇಕು. ಬಿಸಿಲು ತಡೆಯಲು ಆ ಮನೆಗಳಷ್ಟು ಒಳ್ಳೆಯವು ಬೇರೆ ಇಲ್ಲ. ಹೊಗೆ ಹೊರಹೋಗಲು ಅವುಗಳಷ್ಟು ಕೆಟ್ಟವೂ ಬೇರೆ ಇಲ್ಲ.

ಇನ್ನು ಒಲೆಯ ಮುಂದಿನ ಕೆಲಸ. ಎಸರು ಕುದಿಸಿ ಜೋಳದ ಹಿಟ್ಟಿಗೆ ಸುರಿದು, ಕೊಣಮಿಗೆಯಲ್ಲಿ ನಾದಿ, ಅಂಗೈಯಲ್ಲಿ ಬಡಿದು ಅಗಲ ಮಾಡಿದ ರೊಟ್ಟಿಯನ್ನು ಹಂಚಿನ ಮೇಲೆ ಹಾಕುತ್ತಾರೆ. ಒದ್ದೆ ಅರಿವೆಯಿಂದ ಮೇಲೆ ನೀರು ಸವರುತ್ತಾರೆ. ನೀರು ಆರುತ್ತಿದ್ದಂತೆ ಮಗುಚಬೇಕು. ಎರಡೂ ಮಗ್ಗಲು ಬೆಂದ ಮೇಲೆ ಹಂಚಿನಿಂದ ತೆಗೆದು ಒಲೆಯ ಬಾಯಿಗೆ ಎಳೆದ ಕೆಂಡದ ಎದುರು ನಿಲ್ಲಿಸಿದರೆ ಅದು ಝಳಕ್ಕೆ ಉಬ್ಬುತ್ತದೆ. ಇದಕ್ಕೆ ಬೇಕಾದ ಬೆಂಕಿ ಎರಡು ಬಗೆಯದು: ಹಂಚಿನ ಅಗಲಕ್ಕೆಲ್ಲ ಹರಡುವ ಉರಿ, ಮತ್ತು ಮುಂದೆ ಎಳೆದುಕೊಳ್ಳಲು ಕೆಂಡ. ಹತ್ತಿಕಟಗಿ ಮೊದಲನೆಯದನ್ನು ಕೊಡುತ್ತದೆ, ಕುಳ್ಳು ಎರಡನೆಯದನ್ನು. ದಿನಕ್ಕೆರಡು ಹೊತ್ತು, ತುಂಬಿದ ಮನೆಯಾದರೆ ಒಂದು ಹೊತ್ತಿಗೆ ಮೂವತ್ತು ನಲವತ್ತು ರೊಟ್ಟಿ. ಅಷ್ಟು ಹೊತ್ತೂ ಮುಖ ಬೆಂಕಿಗೆ ಒಂದು ಮೊಳ ದೂರದಲ್ಲಿ. ಮುಂದೆ ಬಂದ ಒಂದೊಂದು ಹೊಸ ಒಲೆಯನ್ನೂ ಇಲ್ಲಿಯ ಹೆಂಗಸರು ಅಳೆದದ್ದು ಇದೇ ಅಳತೆಗೋಲಿನಿಂದ. ಒಲೆ ತಂದವರ ಕೈಯಲ್ಲಿದ್ದ ಅಳತೆಗೋಲು ಬೇರೆಯೇ ಇತ್ತು. ಈ ಚರಿತ್ರೆಯ ಸೋಲು ಗೆಲುವುಗಳೆಲ್ಲ ಆ ಅಂತರದಲ್ಲಿವೆ.

ಹೊರಗಿನಿಂದ ಬಂದ ಮೊದಲ ಇಂಧನ ಚಿಮಣಿ ಎಣ್ಣೆ. 1880ರ ದಶಕದಲ್ಲಿ ಅಮೆರಿಕದಿಂದಲೂ ರಷ್ಯಾದ ಬಾಕುವಿನಿಂದಲೂ ಹಡಗಿನಲ್ಲಿ ಮುಂಬಯಿಗೆ ಬರುತ್ತಿದ್ದ ಸೀಮೆಎಣ್ಣೆ ರೈಲು ಮತ್ತು ಚಕ್ಕಡಿ ಏರಿ ಒಳನಾಡಿಗೆ ಇಳಿಯಿತು. ಕುಸುಬಿ ಎಣ್ಣೆಯ ಹಣತೆಯ ಪಕ್ಕದಲ್ಲಿ ಚಿಮಣಿ, ಉಳ್ಳವರ ಪಡಸಾಲೆಯಲ್ಲಿ ಕಂದೀಲು, ಮದುವೆಗೆ ಗ್ಯಾಸ್‌ಬತ್ತಿ. ಅದೇ ದಶಕದಲ್ಲಿ, 1887ರಲ್ಲಿ, ಇದೇ ಜಿಲ್ಲೆಯ ಗೋಕಾಕದಲ್ಲಿ ಜಲಪಾತದ ನೀರಿನ ಬಲದಿಂದ ಹತ್ತಿ ಗಿರಣಿ ಓಡತೊಡಗಿತ್ತು. ದೇಶದಲ್ಲೇ ಮೊದಲ ಸಾಲಿನ ಆ ಸಾಹಸವನ್ನು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಆ ಬಲ ಗಿರಣಿಯ ಕದಿರಿಗೆ ತಲುಪಿದ ಮೇಲೆ ಹತ್ತಿ ಬಿಡಿಸುವವಳ ಅಡುಗೆಮನೆಗೆ ಒಂದು ದೀಪ ತಲುಪಲು ಇನ್ನೂ ಮುಕ್ಕಾಲು ಶತಮಾನಕ್ಕಿಂತ ಹೆಚ್ಚು ಹಿಡಿಯಿತು ಎಂಬುದನ್ನೂ ಜೊತೆಗೆ ಹೇಳಬೇಕು.

ಹೊಗೆಯ ಬಗ್ಗೆ ಮೊದಲು ತಲೆಕೆಡಿಸಿಕೊಂಡವರು ಗಾಂಧಿಯವರ ಗ್ರಾಮೋದ್ಯೋಗದ ಬಳಗದವರು. ವರ್ಧಾದ ಮಗನವಾಡಿಯಲ್ಲಿ ರೂಪುಗೊಂಡ ಮಗನ್ ಚೂಲಾ ಎಂಬ ಒಲೆ ಆ ಬಳಗದ ಕೊಡುಗೆ. ಹೈದರಾಬಾದಿನ ಎಂಜಿನಿಯರ್ ಎಸ್.ಪಿ. ರಾಜು 1953ರಲ್ಲಿ ಹೊಗೆಯಿಲ್ಲದ ಅಡುಗೆಮನೆಯ ಬಗ್ಗೆ ಪುಸ್ತಕವನ್ನೇ ಬರೆದು, ಮಣ್ಣಿನಲ್ಲಿ ಮನೆಯವರೇ ಕಟ್ಟಿಕೊಳ್ಳಬಹುದಾದ ಹೊಗೆಗೂಡಿನ ಒಲೆಯನ್ನು ತೋರಿಸಿಕೊಟ್ಟರು. ಎರಡೂ ಒಳ್ಳೆಯ ಮನಸ್ಸಿನ ಕೆಲಸಗಳು. ಆದರೆ ಎರಡೂ ಆಶ್ರಮ ಮತ್ತು ಪ್ರದರ್ಶನಗಳಾಚೆ ಹೆಚ್ಚು ದೂರ ನಡೆಯಲಿಲ್ಲ.

1956ರಲ್ಲಿ ಬೆಳಗಾವಿ ಜಿಲ್ಲೆ ಮುಂಬಯಿ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಬಂತು. ಮರುವರ್ಷ ವಿದ್ಯುತ್ ಮಂಡಳಿ ಹುಟ್ಟಿತು, 1960ರ ದಶಕದ ನಡುವೆ ಶರಾವತಿಯ ವಿದ್ಯುತ್ತು ಬಂತು. ಸವದತ್ತಿಯ ನವಿಲುತೀರ್ಥದಲ್ಲಿ ಮಲಪ್ರಭೆಗೆ ಕಟ್ಟೆ ಬಿದ್ದು ರೇಣುಕಾಸಾಗರ ತುಂಬಿತು. ಕಾಲುವೆಯೂ ಪಂಪ್‌ಸೆಟ್ಟೂ ಹೊಲದ ಚಹರೆ ಬದಲಿಸಿದವು. ಬೆಳೆ ಬದಲಾದಂತೆ ಉರುವಲೂ ಬದಲಾಯಿತು ಅಷ್ಟೆ. ಒಲೆ ಮಾತ್ರ ಹಿಂದಿನದೇ. ವಿದ್ಯುತ್ತು ಊರಿಗೆ ಬಂದದ್ದು ಹೊಲದ ದಾರಿಯಿಂದ, ಅಡುಗೆಮನೆಗೆ ಅದು ಕೊನೆಗೆ ಬಂದ ಅತಿಥಿ. ಬಡವರ ಗುಡಿಸಲಿಗೆ ಒಂದು ದೀಪ ಕೊಡುವ ಭಾಗ್ಯಜ್ಯೋತಿ ಯೋಜನೆ ಬಂದಾಗ 1970ರ ದಶಕ ಮುಗಿಯುತ್ತಿತ್ತು. ಆ ಒಂದು ಬಲ್ಬನ್ನು ಬಹಳ ಮನೆಗಳಲ್ಲಿ ಪಡಸಾಲೆಗೆ ಹಾಕಿದರು. ಅಡುಗೆ ಮಾಡುವವಳು ಒಲೆಯ ಉರಿಯ ಬೆಳಕಿನಲ್ಲೇ ರೊಟ್ಟಿ ಬಡಿದಳು.

ಇಷ್ಟರಲ್ಲಿ ಜಗತ್ತಿನಲ್ಲಿ ಎಣ್ಣೆಯ ಬಿಕ್ಕಟ್ಟು ಎದ್ದಿತ್ತು. 1973ರಲ್ಲಿ ಪೆಟ್ರೋಲಿಯಂ ಬೆಲೆ ಏರಿದ ಹೊಡೆತ ಚಿಮಣಿ ಎಣ್ಣೆಯ ಸಾಲಿನಲ್ಲಿ ಡಬ್ಬಿ ಹಿಡಿದು ನಿಂತವರಿಗೂ ತಾಗಿತು. ಮರುವರ್ಷ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಅಮೂಲ್ಯ ಕೆ.ಎನ್. ರೆಡ್ಡಿಯವರು ಹಳ್ಳಿಗಾಗಿ ವಿಜ್ಞಾನ ಎಂಬ ಸಂಕಲ್ಪದಿಂದ ‘ಅಸ್ತ್ರ’ ಕೇಂದ್ರವನ್ನು ಕಟ್ಟಿದರು. ರೆಡ್ಡಿ ಮತ್ತು ಗೆಳೆಯರು ತುಮಕೂರು ಜಿಲ್ಲೆಯ ಉಂಗ್ರ ಸುತ್ತಿನ ಹಳ್ಳಿಗಳಲ್ಲಿ ಮನೆಮನೆಯ ಶಕ್ತಿಯ ಲೆಕ್ಕ ಬರೆದರು. ಪುರ ಎಂಬ ಹಳ್ಳಿಯಲ್ಲಿ ಒಟ್ಟು ಶಕ್ತಿಯ ನೂರಕ್ಕೆ 80 ಪಾಲಿಗಿಂತ ಹೆಚ್ಚು ಬರೀ ಸೌದೆಯಿಂದ ಬರುತ್ತಿತ್ತು. ವಿದ್ಯುತ್ತಿನ ಪಾಲು ಶೇಕಡಾ ಒಂದು ಸಹ ಇರಲಿಲ್ಲ. ಸೌದೆಯ ಹೊರೆ ಹೊರುವುದು, ನೀರು ತರುವುದು, ಒಲೆಯ ಮುಂದೆ ಕೂರುವುದು ದೇಶದ ಶಕ್ತಿಯ ಲೆಕ್ಕದೊಳಗೆ ಬರಬೇಕು ಎಂದು ಗಟ್ಟಿಯಾಗಿ ಹೇಳಿದ್ದು ನನ್ನ ದೃಷ್ಟಿಯಲ್ಲಿ ಆ ಬಳಗದ ದೊಡ್ಡ ಕೆಲಸ. ಒಲೆ ಅದರ ಫಲ.

ಅಸ್ತ್ರ ಒಲೆ 1980ರ ದಶಕದ ಆರಂಭದಲ್ಲಿ ಸಿದ್ಧವಾಯಿತು. ಮೂರು ಪಾತ್ರೆ ಕೂರುವ ಮಣ್ಣಿನ ಒಲೆ, ಅಡಿಯಲ್ಲಿ ಜಾಲರಿ, ಮುಚ್ಚುವ ಬಾಗಿಲು, ಹಿಂದೆ ಹೊಗೆ ಕೊಳವೆ. ಹಳೆಯ ಒಲೆಯಲ್ಲಿ ಸೌದೆಯ ಬಿಸಿಯ ನೂರಕ್ಕೆ ಹತ್ತು ಪಾಲು ಪಾತ್ರೆಗೆ ಹತ್ತಿದರೆ, ಇದು ಪ್ರಯೋಗಾಲಯದಲ್ಲಿ 40 ದಾಟಿತು. 1983ರಲ್ಲಿ ಕೇಂದ್ರ ಸರ್ಕಾರ ಸುಧಾರಿತ ಒಲೆಗಳ ಕಾರ್ಯಕ್ರಮಕ್ಕೆ ಕೈಹಾಕಿದಾಗ ಕರ್ನಾಟಕದಲ್ಲಿ ಹಳ್ಳಿಗೆ ಹೋದ ಮುಖ್ಯ ಮಾದರಿ ಇದೇ. ಆ ಕಾರ್ಯಕ್ರಮ 2002ರಲ್ಲಿ ನಿಲ್ಲುವವರೆಗೆ ದೇಶದಲ್ಲಿ ಸುಮಾರು 3.5 ಕೋಟಿ ಒಲೆ ಹಾಕಿದ ಲೆಕ್ಕವಿದೆ.

ಒಲೆ ಒಳ್ಳೆಯದಿತ್ತು. ಅನ್ನ, ಸಾರು, ಬಿಸಿನೀರು ಒಟ್ಟಿಗೇ ಇಡುವ ಅಡುಗೆಗೆ ಅದರಷ್ಟು ಹೊಂದುವುದು ಕಷ್ಟ. ರೊಟ್ಟಿಯ ಸೀಮೆಗೆ ಬಂದಾಗ ಅದು ತಡವರಿಸಿತು. ಬಾಯಿ ಚಿಕ್ಕದು, ಕಟ್ಟಿಗೆಯನ್ನು ತುಂಡು ಮಾಡಿ ಹಾಕಬೇಕು. ಉದ್ದನೆಯ ಹತ್ತಿಕಟಗಿಯನ್ನು ಹಿಡಿಹಿಡಿಯಾಗಿ ಒಳಗೆ ದೂಡುತ್ತ ಉರಿಸುವುದು ಇಲ್ಲಿಯ ರೂಢಿ. ಬಾಗಿಲು ಮುಚ್ಚಿದರೆ ಕೆಂಡ ಮುಂದಕ್ಕೆ ಎಳೆಯುವುದು ಹೇಗೆ, ರೊಟ್ಟಿ ನಿಲ್ಲಿಸುವುದು ಎಲ್ಲಿ? ಕೊಳವೆಯನ್ನು ಮಣ್ಣಿನ ಮಾಳಿಗೆ ಕೊರೆದು ಹೊರಗೆ ಬಿಟ್ಟರೆ ಆ ಸಂದಿನಿಂದ ಮಳೆ ಸೋರುತ್ತದೆ. ಕೊಳವೆಯಲ್ಲಿ ಕಟ್ಟಿದ ಇಲ್ಲಣವನ್ನು ಆಗಾಗ ಬಡಿದು ತೆಗೆಯದಿದ್ದರೆ ಹೊಗೆ ತಿರುಗಿ ಮನೆಯೊಳಗೇ ಬರುತ್ತದೆ. ಕಟ್ಟಿಕೊಟ್ಟವರು ಎಣಿಸಿ ಬರೆದುಕೊಂಡು ಹೋದರು. ಮುರಿದದ್ದನ್ನು ರಿಪೇರಿ ಮಾಡಲು ಯಾರೂ ಬರಲಿಲ್ಲ. ಸೋತದ್ದು ವಿಜ್ಞಾನವಲ್ಲ. ಗುರಿಯ ಸಂಖ್ಯೆ ಮುಟ್ಟಿದರೆ ಕೆಲಸ ಮುಗಿಯಿತು ಎನ್ನುವ ಆಡಳಿತದ ಅಭ್ಯಾಸ ಸೋತಿತು.

ಗೋಬರ್ ಗ್ಯಾಸಿನದು ಇನ್ನೊಂದು ಕಥೆ. 1981–82ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವಾದ ಮೇಲೆ, ವಿಶೇಷವಾಗಿ ಇಟ್ಟಿಗೆಯ ಗುಮ್ಮಟದ ದೀನಬಂಧು ಮಾದರಿ ಬಂದ ಮೇಲೆ, ಅದು ನಮ್ಮ ನೆರೆಯ ಶಿರಸಿಯಲ್ಲಿ ದೇಶವೇ ತಿರುಗಿ ನೋಡುವಂತೆ ಗೆದ್ದಿತು. ಅಲ್ಲಿ ನೀರಿತ್ತು, ಕೊಟ್ಟಿಗೆಯಲ್ಲಿ ದನವಿತ್ತು, ಅಡಕೆಯ ಹಣವಿತ್ತು, ಕೆಟ್ಟರೆ ಕರೆದ ಕೂಡಲೇ ಬರುವ ಕಟ್ಟುವವರಿದ್ದರು. ಸಗಣಿಯಷ್ಟೇ ನೀರನ್ನೂ ಕಲಸಿ ದಿನಾ ಹಾಕಬೇಕಾದ ಈ ಯಂತ್ರ, ಕುಡಿಯುವ ಕೊಡಕ್ಕೇ ಮೈಲಿ ನಡೆಯುತ್ತಿದ್ದ ರಾಮದುರ್ಗದ ಗುಡ್ಡದ ಹಳ್ಳಿಗೆ ಹೇಗೆ ಒಗ್ಗೀತು? ಕಾಲುವೆ ನೀರಿನ, ನಾಲ್ಕೈದು ದನದ ಮನೆಗಳಲ್ಲಿ ಅದು ಚೆನ್ನಾಗಿಯೇ ನಡೆಯಿತು. ದನವಿಲ್ಲದ ಕೂಲಿಯವರಿಗೆ, ಅಂದರೆ ಹೊಗೆಯನ್ನು ಹೆಚ್ಚು ಉಂಡವರಿಗೆ, ಅದರಲ್ಲಿ ಏನೂ ಇರಲಿಲ್ಲ.

ಪೇಟೆಯ ಓಣಿಗಳಲ್ಲಿ ಈ ನಡುವೆ ಸೀಮೆಎಣ್ಣೆಯ ಸ್ಟೋವು ಬಂದಿತ್ತು. ಮೊದಲು ಪಂಪ್ ಸ್ಟೋವು, ಆಮೇಲೆ ಬತ್ತಿಯ ‘ನೂತನ್’ ಸ್ಟೋವು. ಚಹಾ, ಉಪ್ಪಿಟ್ಟಿಗೆ ಅದು ವರವೇ ಆಯಿತು. ಆದರೆ ‘ಸ್ಟೋವ್ ಸಿಡಿದು ಗೃಹಿಣಿ ಸಾವು’ ಎಂಬ ಸಾಲು ದಿನಪತ್ರಿಕೆಗಳಲ್ಲಿ ರೂಢಿಯಾದದ್ದೂ ಆ ವರ್ಷಗಳಲ್ಲೇ. ಎಷ್ಟು ಸ್ಟೋವುಗಳು ತಾವಾಗಿ ಸಿಡಿದವು, ಎಷ್ಟು ಸಾವುಗಳಿಗೆ ಸ್ಟೋವು ಹೊರಗಿನ ನೆಪವಾಯಿತು ಎಂಬುದನ್ನು ಆ ಸಾಲುಗಳು ಹೇಳಲಿಲ್ಲ. ಅಡುಗೆಯ ಇಂಧನದ ಚರಿತ್ರೆ ಬರೆಯುವವರು ಆ ಹೆಣ್ಣುಮಕ್ಕಳನ್ನು ಬಿಟ್ಟು ಮುಂದೆ ಹೋಗಬಾರದು.

ಸಿಲಿಂಡರ್ ಗ್ಯಾಸು 1950ರ ದಶಕದಲ್ಲಿ ಮುಂಬಯಿಯಲ್ಲಿತ್ತು. 1965ರಲ್ಲಿ ಇಂಡೇನ್ ಕಲ್ಕತ್ತೆಯಲ್ಲಿ ಶುರುವಾಯಿತು. ತಾಲ್ಲೂಕು ಪೇಟೆಗಳಿಗೆ ಬಂದಾಗ ಅದು ನೌಕರದಾರರ, ವ್ಯಾಪಾರಸ್ಥರ ಮನೆಯ ವಸ್ತು. ಹೆಸರು ಹಚ್ಚಿ ವರ್ಷಗಟ್ಟಲೆ ಕಾಯಬೇಕು. ಹಳ್ಳಿಯ ಎಷ್ಟೋ ಹೆಂಗಸರು ಗ್ಯಾಸಿನ ಒಲೆಯ ಮುಂದೆ ಮೊದಲು ನಿಂತದ್ದು ಶಾಲೆಯ ಅಡುಗೆಕೋಣೆಯಲ್ಲಿ. ಶಾಲೆಯ ಬಿಸಿಯೂಟದ ಯೋಜನೆಯಾದ ಅಕ್ಷರ ದಾಸೋಹ 2002ರಲ್ಲಿ ರಾಜ್ಯದ ಉತ್ತರದ ಏಳು ಜಿಲ್ಲೆಗಳಲ್ಲಿ ಆರಂಭವಾಗಿ ಮರುವರ್ಷ ಉಳಿದ ಜಿಲ್ಲೆಗಳಿಗೂ ಬಂತು. ಬಿಸಿಯೂಟದ ಅಡುಗೆಗೆ ಸೇರಿದವರು ಊರ ಮಕ್ಕಳಿಗೆ ಅನ್ನ ಸಾಂಬಾರು ಗ್ಯಾಸಿನಲ್ಲಿ ಮಾಡಿ, ಮನೆಗೆ ಬಂದು ಸಂಜೆಯ ರೊಟ್ಟಿಯನ್ನು ಹೊಗೆಯಲ್ಲಿ ಬಡಿದರು. ಗ್ಯಾಸೆಂದರೆ ಸಿಡಿಯುತ್ತದೆ ಎಂಬ ಅಂಜಿಕೆ ಹೋದದ್ದು ಮೊದಲು ಅವರಿಂದ. ಈ ಪಾತ್ರವನ್ನು ಯಾವ ಯೋಜನೆಯ ವರದಿಯೂ ಗುರುತಿಸಿದ್ದನ್ನು ನಾನು ಕಂಡಿಲ್ಲ. ಗುರುತಿಸಬೇಕಾದ ಪಾತ್ರ ಅದು.

2011ರ ಜನಗಣತಿಯ ಹೊತ್ತಿಗೆ ದೇಶದ ಹಳ್ಳಿಗಳಲ್ಲಿ ಗ್ಯಾಸಿನಲ್ಲಿ ಅಡುಗೆ ಮಾಡುವ ಮನೆಗಳು ನೂರಕ್ಕೆ ಹನ್ನೊಂದು ಚಿಲ್ಲರೆ. 2016ರ ಮೇ 1ರಂದು ಉತ್ತರ ಪ್ರದೇಶದ ಬಲಿಯಾದಲ್ಲಿ ಕೇಂದ್ರದ ಉಜ್ವಲಾ ಯೋಜನೆ ಆರಂಭವಾಯಿತು. ಬಡ ಮನೆಯ ಹೆಣ್ಣುಮಗಳ ಹೆಸರಿನಲ್ಲೇ ಸಂಪರ್ಕ, 1600 ರೂಪಾಯಿಯ ನೆರವು. ಬಿಟ್ಟುಹೋದವರಿಗಾಗಿ ರಾಜ್ಯ ಸರ್ಕಾರ 2017–18ರಲ್ಲಿ ಒಲೆಯನ್ನೂ ಸೇರಿಸಿ ಕೊಡುವ ಅನಿಲಭಾಗ್ಯ ತಂದಿತು. 2019ರ ಸೆಪ್ಟೆಂಬರಿಗೆ ಉಜ್ವಲಾ 8 ಕೋಟಿ ಸಂಪರ್ಕ ಮುಟ್ಟಿತು. ಸಣ್ಣ ಮಾತಲ್ಲ ಇದು. ಹೊಲ, ಮನೆ ಎರಡರಲ್ಲೂ ಗಂಡಸಿನ ಹೆಸರು ಕಂಡವಳ ಕೈಗೆ ಅವಳದೇ ಹೆಸರಿನ ಗ್ಯಾಸ್ ಪುಸ್ತಕ ಬಂತು.

ಸಿಲಿಂಡರ್ ಬಂದ ಮೇಲೆ ಏನಾಯಿತು ಎಂಬುದಕ್ಕೆ ನಮ್ಮ ಹತ್ತಿರದ್ದೇ ಒಂದು ಸಾಕ್ಷಿಯಿದೆ. ಕೊಪ್ಪಳ ಜಿಲ್ಲೆಯ ಗ್ಯಾಸ್ ಮಾರಾಟದ ದಾಖಲೆಯನ್ನು ಸಂಶೋಧಕ ಅಭಿಷೇಕ್ ಕರ್ ಮತ್ತು ಸಂಗಡಿಗರು ಕುಳಿತು ಓದಿ 2019ರಲ್ಲಿ ಪ್ರಕಟಿಸಿದರು. ಉಜ್ವಲಾ ಮನೆಗಳು ಮೊದಲ ವರ್ಷ ತುಂಬಿಸಿಕೊಂಡದ್ದು ಸರಾಸರಿ 2.3 ಸಿಲಿಂಡರ್. ನೂರಕ್ಕೆ 35 ಮನೆಗಳು ಒಂದನ್ನೂ ತುಂಬಿಸಿಕೊಳ್ಳಲಿಲ್ಲ. ಕೊಪ್ಪಳದ ಬಯಲಿಗೂ ರಾಮದುರ್ಗದ ಬಯಲಿಗೂ ಬೆಳೆ ಹೆಚ್ಚುಕಡಿಮೆ ಒಂದೇ, ಊಟ ಒಂದೇ, ಕೂಲಿ ಸಿಗುವ ಮತ್ತು ಸಿಗದ ತಿಂಗಳೂ ಒಂದೇ. ಬೇಸಿಗೆಯಲ್ಲಿ ಕೆಲಸವಿಲ್ಲ, ಕೈಯಲ್ಲಿ ರೊಕ್ಕವಿಲ್ಲ. ಅದೇ ತಿಂಗಳುಗಳಲ್ಲಿ ಹತ್ತಿಕಟಗಿ, ಕುಳ್ಳು ಪುಕ್ಕಟೆ. ಲೆಕ್ಕ ಬಲ್ಲ ಹೆಂಗಸು ಏನು ಆರಿಸುತ್ತಾಳೆ?

ಸವದತ್ತಿ ಕಡೆಯ ಒಂದು ಮನೆಯಲ್ಲಿ ಅತ್ತೆ ಸೊಸೆಯರ ನಡುವೆ ನಾನು ಕೇಳಿದ ಮಾತು ಹೀಗಿತ್ತು. “ಅತ್ತಿ, ಇವತ್ತ ಗ್ಯಾಸ್ ಮ್ಯಾಲ ರೊಟ್ಟಿ ಮಾಡ್ತೀನ್ರಿ, ಕಣ್ಣ ಉರಿಯಾಕತ್ತಾವು” ಅಂದಳು ಸೊಸೆ. “ಮಾಡವ್ವ, ಬ್ಯಾಡ ಅನ್ನಂಗಿಲ್ಲ. ನಡಕ ಸೀತಾವು, ಅಂಚಿಗೆ ಹಸೇ ಉಳಿತಾವು. ನಾಳೆ ಚಾಕ್ಕ ಗ್ಯಾಸ್ ಇಲ್ಲಂದ್ರ ನನ್ನ ಕೇಳಬ್ಯಾಡ” ಅಂದಳು ಅತ್ತೆ. ಹಟಮಾರಿತನ ಇರಲಿಲ್ಲ ಅದರಲ್ಲಿ. ಚಿಕ್ಕ ಬರ್ನರಿನ ಉರಿ ಹಂಚಿನ ನಡುವಿಗಷ್ಟೇ ತಾಗುತ್ತದೆ ಎಂಬುದೂ, 14.2 ಕಿಲೋ ಎಷ್ಟು ದಿನ ಬಂದೀತು ಎಂಬುದೂ ಅವಳಿಗೆ ಪಕ್ಕಾ ಗೊತ್ತಿತ್ತು.

2019ರ ಆಗಸ್ಟ್ ಇನ್ನೊಂದು ಪರೀಕ್ಷೆ ಒಡ್ಡಿತು. ನವಿಲುತೀರ್ಥದ ಕಟ್ಟೆ ತುಂಬಿ ಬಿಟ್ಟ ನೀರು ಮುನವಳ್ಳಿಯನ್ನೂ ರಾಮದುರ್ಗವನ್ನೂ ಹೊಕ್ಕಿತು. ಮಣ್ಣಿನ ಗೋಡೆಗಳು ಕುಸಿದವು, ನೇಕಾರರ ಮಗ್ಗಗಳು ನೀರುಪಾಲಾದವು, ವರ್ಷದ ಕುಳ್ಳಿನ ಒಟ್ಟು ಸಗಣಿಯಾಗಿ ಹರಿದುಹೋಯಿತು. ಪರಿಹಾರ ಕೇಂದ್ರಗಳಿಂದ ಮನೆಗೆ ಮರಳಿದವರಿಗೆ ಒಲೆ ಹಚ್ಚಲು ಒಣ ಕಡ್ಡಿಯೇ ಇರಲಿಲ್ಲ. ಆ ವಾರಗಳಲ್ಲಿ ತುಂಬಿದ ಸಿಲಿಂಡರ್ ಇದ್ದ ಮನೆಗೂ ಇಲ್ಲದ ಮನೆಗೂ ಇದ್ದ ಅಂತರವನ್ನು ಊಟದ ಹೊತ್ತಿಗೆ ನೋಡಬೇಕಿತ್ತು.

ಹೊಗೆ ಏನು ಮಾಡುತ್ತದೆ ಎಂಬುದರಲ್ಲಿ ಈಗ ಅನುಮಾನ ಉಳಿದಿಲ್ಲ. ಅಡುಗೆಮನೆಯ ಹೊಗೆಯನ್ನು ಅಮೆರಿಕದ ಕಿರ್ಕ್ ಸ್ಮಿತ್ 1980ರ ದಶಕದ ಆರಂಭದಲ್ಲೇ ಗುಜರಾತಿನ ಹಳ್ಳಿಗಳಲ್ಲಿ ಅಳೆದಿದ್ದರು. ಬೆಳಗಾವಿಯ ಜವಾಹರಲಾಲ್ ನೆಹರು ವೈದ್ಯಕೀಯ ಕಾಲೇಜು ಪಾಲುಗೊಂಡಿರುವ ಅಂತರರಾಷ್ಟ್ರೀಯ ತಾಯಿ–ಮಗು ಅಧ್ಯಯನ ಜಾಲ, ಐದು ದೇಶಗಳ ಗರ್ಭಿಣಿಯರ ದಾಖಲೆಗಳನ್ನು ಕೂಡಿಸಿ 2015ರಲ್ಲಿ ಕಂಡದ್ದು ಇದು: ಹೊಗೆಯ ಇಂಧನದಲ್ಲಿ ಅಡುಗೆ ಮಾಡುವ ಮನೆಗಳಲ್ಲಿ ಹುಟ್ಟುವ ಹೊತ್ತಿನ ಶಿಶುಮರಣ ಹೆಚ್ಚು. ಆ ದಾಖಲೆಗಳಲ್ಲಿ ಬೆಳಗಾವಿ ಜಿಲ್ಲೆಯ ಹಳ್ಳಿಗಳ ತಾಯಂದಿರೂ ಇದ್ದಾರೆ.

ದೇಶದಲ್ಲಿ ಶುದ್ಧ ಇಂಧನದಲ್ಲಿ ಅಡುಗೆ ಮಾಡುವ ಮನೆಗಳು 2015–16ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ನೂರಕ್ಕೆ 43.8 ಇದ್ದದ್ದು, 2019–21ರಲ್ಲಿ 58.6ಕ್ಕೆ ಏರಿತು. ಆದರೆ ಸಮೀಕ್ಷೆ ಕೇಳುವುದು ಮುಖ್ಯವಾಗಿ ಯಾವುದರಲ್ಲಿ ಅಡುಗೆ ಮಾಡುತ್ತೀರಿ ಎಂದು. ಸ್ನಾನದ ನೀರು ಕಾಯಿಸುವ ಬಚ್ಚಲ ಒಲೆ ಆ ಪ್ರಶ್ನೆಯ ಹೊರಗೇ ಉಳಿಯುತ್ತದೆ. ಕಿತ್ತೂರ ಕೋಟೆಯೊಳಗೆ ಹಾಳುಬಿದ್ದ ಅರಮನೆಯ ಸ್ನಾನದ ಮನೆಗಳನ್ನೂ ನೀರಿನ ಕೊಳವೆಯ ಜಾಡನ್ನೂ ನೋಡಿದವರಿಗೆ ಬಿಸಿನೀರು ಒಂದು ಕಾಲದಲ್ಲಿ ಎಂಥ ದೊಡ್ಡ ಏರ್ಪಾಡಾಗಿತ್ತೆಂದು ತಿಳಿಯುತ್ತದೆ. ಇಂದೂ ಹಳ್ಳಿಯ ಮನೆಯಲ್ಲಿ ಹಂಡೆ ಕಾಯಿಸಲು ನಸುಕಿನಲ್ಲೇ ರವದಿ, ಕಟಗಿ ಉರಿಯುತ್ತದೆ. ಅದರ ಹೊಗೆ ಅದೇ ಅಂಗಳದಲ್ಲಿ, ಅದೇ ಮಕ್ಕಳ ಮೂಗಿಗೆ. ರಾಜ್ಯದ ಗೃಹಜ್ಯೋತಿ ಯೋಜನೆಯಡಿ 2023ರ ಜುಲೈನಿಂದ 200 ಯೂನಿಟ್ ಮಿತಿಯೊಳಗೆ, ಮನೆಯ ಹಿಂದಿನ ಸರಾಸರಿಗಿಂತ ತುಸು ಹೆಚ್ಚಿನ ಬಳಕೆಯವರೆಗೆ, ಬಿಲ್ಲಿಲ್ಲ. ಸವದತ್ತಿಯ ಗುಡ್ಡಗಳ ಮೇಲೆ ಗಾಳಿಯಂತ್ರಗಳು ತಿರುಗುತ್ತಿವೆ. ಆ ವಿದ್ಯುತ್ತು ಹಂಡೆಯ ನೀರಿಗೂ ರೊಟ್ಟಿಯ ಹಂಚಿಗೂ ಏಕೆ ಒದಗಬಾರದು? ಬಿಸಿಲಿಗಂತೂ ಈ ಸೀಮೆಯಲ್ಲಿ ಬರವಿಲ್ಲ.

ಬನದ ಹುಣ್ಣಿಮೆ, ಭರತ ಹುಣ್ಣಿಮೆಗೆ ಎಲ್ಲಮ್ಮನ ಗುಡ್ಡದಲ್ಲಿ ಸೇರುವ ಲಕ್ಷಾಂತರ ಜನ ಮೂರು ಕಲ್ಲು ಹೂಡಿ ಅಡುಗೆ ಮಾಡಿ ದೇವಿಗೆ ನೈವೇದ್ಯದ ಪಡಲಗಿ ತುಂಬುತ್ತಾರೆ. ಅದು ಬಯಲಿನ ಬೆಂಕಿ, ಹರಕೆಯ ಬೆಂಕಿ, ವರ್ಷಕ್ಕೊಮ್ಮೆಯದು. ಅದರ ತಂಟೆಗೆ ಯಾರೂ ಹೋಗಬೇಕಿಲ್ಲ. ಮಾತಿರುವುದು ದಿನಕ್ಕೆರಡು ಸಲ ಮುಚ್ಚಿದ ಕೋಣೆಯಲ್ಲಿ ಉರಿಯುವ ಬೆಂಕಿಯದು.

ಒಲೆಯನ್ನು ಎಣಿಸಿದವರು 2002ರವರೆಗೆ ಎಣಿಸಿದರು, ಸಂಪರ್ಕವನ್ನು ಎಣಿಸಿದವರು 2019ರಲ್ಲಿ ಗುರಿ ಮುಟ್ಟಿದರು. 2022ರಿಂದ ಉಜ್ವಲಾ ಮನೆಗಳಿಗೆ ಸಿಲಿಂಡರಿಗೆ 200 ರೂಪಾಯಿ, ಮರುವರ್ಷ 300 ರೂಪಾಯಿ ರಿಯಾಯಿತಿ ಕೊಟ್ಟದ್ದು ಸರಿಯಾದ ದಾರಿ. ಮುಂದಿನ ಕೆಲಸ ಗ್ರಾಮ ಪಂಚಾಯ್ತಿಯ ಮಟ್ಟದ್ದು. ತಮ್ಮ ಊರಿನಲ್ಲಿ ವರ್ಷಕ್ಕೆ ಒಂದು ಮನೆ ಎಷ್ಟು ಸಿಲಿಂಡರ್ ತುಂಬಿಸಿಕೊಂಡಿತು, ಯಾವ ತಿಂಗಳು ನಿಲ್ಲಿಸಿತು, ಬಚ್ಚಲಲ್ಲಿ ಏನು ಉರಿಯುತ್ತಿದೆ ಎಂಬುದನ್ನು ಗ್ರಾಮಸಭೆಯಲ್ಲಿ ಓದಬೇಕು. ಒಲೆ ಮಾಡುವವರು ಹಂಚಿನ ಅಗಲಕ್ಕೆ ಬರ್ನರ್ ಮಾಡಬೇಕು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗದ ಪಂಚಾಯ್ತಿಗಳಲ್ಲಿ ಕುಳಿತಿರುವ ಹೆಣ್ಣುಮಕ್ಕಳಲ್ಲಿ ನನ್ನ ವಿನಂತಿ ಇಷ್ಟೇ: ಮುಂದಿನ ಗ್ರಾಮಸಭೆಯ ವಿಷಯಪಟ್ಟಿಯಲ್ಲಿ ರಸ್ತೆ, ಗಟಾರದ ಜೊತೆ ಅಡುಗೆಮನೆಯ ಹೊಗೆಯನ್ನೂ ಬರೆಸಿ.